ಗಂಡನಿಗೆ ಉಳಿದಿದ್ದ ಒಪ್ಪಾರಿ

ಬಳ್ಳಾರಿಯ ಗಾಂಧಿನಗರದಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಅಂಜಲಮ್ಮನ ತಳ್ಳುಗಾಡಿಯ ಮೇಲೆ ಇಡ್ಲಿ ಪಾತ್ರೆಯ ಮುಚ್ಚಳ ಆಗಲೇ ಕುಣಿಯುತ್ತಿದೆ. ಆಟೊ ಓಡಿಸುವ ವೀರೇಶ್ ತಟ್ಟೆ ಹಿಡಿದು, "ಅಮ್ಮ, ಇಡ್ಲಿ ಸಣ್ಣವಾಗ್ಯಾವಲ್ಲ?" ಎನ್ನುತ್ತಾನೆ.

"ಇಡ್ಲಿ ಅಷ್ಟೇ ಅದಾವ ಲೇ. ನಿನ್ನ ಹೊಟ್ಟಿ ದೊಡ್ಡದಾಗೈತಿ."

ಅಂಜಲಮ್ಮನ ಅಜ್ಜ ಕಂಟೋನ್ಮೆಂಟಿನ ಅಡುಗೆ ಕೆಲಸಕ್ಕೆಂದು ವೆಲ್ಲೂರಿನ ಕಡೆಯಿಂದ ಬಂದವರು. ಮನೆಯೊಳಗೆ ಇಂದಿಗೂ ತಮಿಳು. ಅಜ್ಜಿಯಿಂದ ಅವರು ಕಲಿತದ್ದು ಒಪ್ಪಾರಿ. ಸಾವಿನ ಮನೆಯಲ್ಲಿ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಕುಳಿತು, ಸತ್ತವರನ್ನು ಹೊಗಳುತ್ತ, ಬೈಯುತ್ತ ಹಾಡುವ ಹಾಡು.

"ಬೈಬೇಕ್ರಿ. ಬರೇ ಹೊಗಳಿದ್ರ ಬ್ಯಾರೆ ಯಾರೋ ಸತ್ತಂಗ ಆಗತೈತಿ."

ಈಗ ಕರೆಯುವವರು ಕಡಿಮೆ. ಸಾವಿನ ಮನೆಗಳಲ್ಲಿ ಸ್ಪೀಕರಿನಲ್ಲಿ ಭಜನೆ ಹಾಕುತ್ತಾರೆ. ಹಳೆಯ ಹಾಡುಗಳನ್ನು ಗಿಟಾರಿನ ಜೊತೆ ಕಾಲೇಜುಗಳಲ್ಲಿ ಹಾಡುವ ಜಯಶ್ರೀ, ಇಡ್ಲಿ ತಿನ್ನಲು ಬಂದವರು ಒಪ್ಪಾರಿಯ ಮಾತು ಕೇಳಿ ಅಂಜಲಮ್ಮನನ್ನು ತಮ್ಮ ಹಾಡಿನ ತಂಡಕ್ಕೆ ಕರೆದರು. ಕುರುಗೋಡಿನ ತಮ್ಮ ಮನೆಯಲ್ಲೇ ತಾಲೀಮು ಇಟ್ಟುಕೊಂಡರು. ತಪ್ಪಿದ್ದು ಅಲ್ಲೇ. ಅಂಜಲಮ್ಮ ಹೊಸಿಲು ದಾಟಲಿಲ್ಲ.

"ನಿಮ್ಮವ್ವ ಒಳಗ ಅಡಿಗಿ ಮಾಡಾಕತ್ತಾಳ. ಎಲ್ಲಾರೂ ಚಂದ ಇರೋ ಮನ್ಯಾಗ ಒಪ್ಪಾರಿ ಹೇಳ್ತಾರೇನವ್ವಾ?"

ತಾಲೀಮು ಊರಾಚೆಯ ಬೇವಿನ ಮರದ ಕೆಳಗೆ ಹೋಯಿತು. ಅಲ್ಲೂ ಹಾಡು ಹೊರಡಲಿಲ್ಲ. ಒಪ್ಪಾರಿಗೆ ಸತ್ತವರೊಬ್ಬರು ಬೇಕು. "ಯಾರೋ ಸತ್ತಾರ ಅಂತ ಅನ್ಕೊಳ್ರಿ ಅಮ್ಮ" ಎಂದರು ಜಯಶ್ರೀ. ಅದಕ್ಕೆ ಅಂಜಲಮ್ಮ ಅಂದರು, "ಯಾರೋ ಯಾಕ? ನಮ್ಮನಿಯವರಿಗೆ ಹೇಳೋದು ಉಳದೈತಿ."

ಗಂಡ ಏಳುಮಲೈ ತೀರಿಕೊಂಡು ನಾಲ್ಕು ವರ್ಷ. ಊರಿನ ಸಾವಿಗೆಲ್ಲ ಹಾಡಿದ ಹೆಂಡತಿಗೆ ಅಂದು ದನಿಯೇ ಬರಲಿಲ್ಲ. "ಹೆಂಗಸರು ಹೆಗಲು ಹಿಡದು ಅಲುಗಾಡ್ಸಿದ್ರು. ಅಳು ಇಲ್ಲ, ಹಾಡು ಇಲ್ಲ. ಕಾರ್ಯ ಮುಗೀತು. ಹಿಟ್ಟು ರುಬ್ಬಿದೆ, ಗಾಡಿ ತಳ್ಳಿದೆ. ಅಷ್ಟ."

ಕಳೆದ ತಿಂಗಳು ಸಿರುಗುಪ್ಪದಲ್ಲಿ ಕಾರ್ಯಕ್ರಮ. ಒಪ್ಪಾರಿಯನ್ನು ನಿಂತು ಹಾಡಲು ಅವರಿಗೆ ಬರುವುದಿಲ್ಲ. ಮೈಕನ್ನು ನೆಲಕ್ಕಿಳಿಸಿದರು. ಜಯಶ್ರೀ ಎದುರು ಕುಳಿತು ಹೆಗಲು ಕೊಟ್ಟರು. ಮೊದಲ ಸಾಲಿಗೇ ಅಂಜಲಮ್ಮನ ದನಿ ಕಟ್ಟಿತು. ತಂಡದ ಹುಡುಗನ ಗಿಟಾರು ನಿಂತಿತು. ಸಭೆಯಲ್ಲಿ ಗುಸುಗುಸು. ಜಯಶ್ರೀ ಮಾತ್ರ ಹೆಗಲು ಬಿಡಲಿಲ್ಲ.

ಆಮೇಲೆ ತಮಿಳಿನಲ್ಲಿ ಬೈಗುಳ ಶುರುವಾಯಿತು. ತಾಲೀಮಿನಲ್ಲಿ ಅರ್ಥ ಕೇಳಿಟ್ಟುಕೊಂಡಿದ್ದ ಜಯಶ್ರೀ ಒಂದೊಂದನ್ನೂ ಕನ್ನಡದಲ್ಲಿ ತಿರುಗಿ ಹಾಡಿದರು. ಸಾಂಬಾರಿಗೆ ಉಪ್ಪಿಲ್ಲವೆಂದು ಊರಿಗೆಲ್ಲ ಹೇಳಿ, ಮತ್ತೆ ಮತ್ತೆ ಬಡಿಸಿಕೊಂಡವನೇ. ಸೋರುವ ಮಾಡು ನಾಳೆ ಕಟ್ಟುತ್ತೇನೆಂದು ಇಂದೇ ಹೊರಟವನೇ. ಸಭೆ ನಕ್ಕಿತು. ಹಾಡು ನಿಲ್ಲಿಸದೆ ಅಂಜಲಮ್ಮ ಅತ್ತರು.

ಮತ್ತೆ ವೇದಿಕೆ ಹತ್ತುತ್ತೀರಾ ಎಂದು ಕೇಳಿದರೆ ಚಟ್ನಿ ಬಡಿಸುತ್ತ ಹೇಳುತ್ತಾರೆ:

"ಕರದ್ರ ಹೋಗ್ತೀನ್ರಿ. ಅವತ್ತು ಕೊಟ್ಟಿದ್ದು ಬರೇ ಹತ್ತು ನಿಮಿಷ. ಒಂದು ಜನ್ಮ ಸಂಸಾರ ಮಾಡೀನಿ, ಅವರಿಗೆ ಬೈಯೋದು ಇನ್ನೂ ಭಾಳ ಐತಿ."