ಕೆಂಪು ಪೆನ್ಸಿಲಿನ ವಿಮಲಾ

ಕಬ್ಬಿಣದ ಬೀರುವಿನ ಬೀಗ ತುಕ್ಕು ಹಿಡಿದಿತ್ತು. ಮೊಮ್ಮಗಳು ಎಲ್ಲಿಂದಲೋ ಒಂದಿಷ್ಟು ಸೀಮೆಎಣ್ಣೆ ತಂದು ಅದಕ್ಕೆ ಬಿಟ್ಟಳು. ಆ ವಾಸನೆಗೆ ನಮ್ಮವರ ನೆನಪಾಯಿತು. ಮಲ್ಲಿಗೆಯ ವಾಸನೆಗೆ ಗಂಡನನ್ನು ನೆನೆಯುವ ಪುಣ್ಯವಂತೆಯರೂ ಇರಬಹುದು; ನನ್ನವರು ಮೈಲಾಪೂರಿನ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದರು, ಅಚ್ಚುಮೊಳೆ ತೊಳೆಯುವ ಸೀಮೆಎಣ್ಣೆ ಅಂಗಿಗೆಲ್ಲ ಹತ್ತಿರುತ್ತಿತ್ತು.

ಎಪ್ಪತ್ತರ ದಶಕದ ಮಾತು. ಕನ್ನಡ ಸಂಘದ ಪತ್ರಿಕೆಯ ಪ್ರೂಫನ್ನು ಮನೆಗೇ ತರುತ್ತಿದ್ದರು. ಮೂಲದ ಹಾಳೆ ಹಿಡಿದು ನಾನು ಗಟ್ಟಿಯಾಗಿ ಓದಬೇಕು, ಕಾಮಾ, ಫುಲ್‌ಸ್ಟಾಪ್ ಸಮೇತ. ಅವರು ಅಚ್ಚಾದದ್ದರ ಮೇಲೆ ಕಣ್ಣಾಡಿಸಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದೇ ದೊಡ್ಡ ಉದ್ಯೋಗ. ನಿಮ್ಮ ಮನೆಯದು ಗೊತ್ತಿಲ್ಲ, ನಮ್ಮ ಮನೆಯಲ್ಲಿ ಗಂಡ ನನ್ನ ಎದುರು ಕೂತು ಕಿವಿಗೊಡುತ್ತಿದ್ದದ್ದು ಆಗ ಮಾತ್ರ.

ಆಮೇಲೆ ಸಂಪಾದಕಿಯಾಗಿ ವಿಮಲಾ ಬಂದಳು. ಧಾರವಾಡದವಳು, ಬ್ಯಾಂಕಿನಲ್ಲಿ ಆಫೀಸರು. ಭಾನುವಾರ ಬಂದು, ನಾನು ಕೂರುವ ಚಾಪೆಯ ಮೇಲೆಯೇ ಕೂತು, ಮನಸ್ಸಿನಲ್ಲೇ ಓದಿಕೊಂಡು, ಕೆಂಪು ಪೆನ್ಸಿಲಿನಲ್ಲಿ ಪ್ಯಾರಾಗಟ್ಟಲೆ ಹೊಡೆದುಹಾಕುವಳು. ಬೇರೆಯವರ ಒಂದು ಪದ ಅಲುಗಿಸಲೂ ಹೆದರುವ ನಮ್ಮವರು ಬಾಯಿ ಬಿಟ್ಟುಕೊಂಡು ನೋಡುವರು. ನಾನು ಕಾಫಿ ಕೊಡಬೇಕು. ಕೊಟ್ಟೆ, ಸಕ್ಕರೆ ಕಮ್ಮಿ ಹಾಕಿ.

ಒಮ್ಮೆ ನಮ್ಮವರೇ ಪತ್ರಿಕೆಗೆ ಒಂದು ಬರಹ ಬರೆದರು: ಪಲ್ಲಾವರಂನಲ್ಲಿ ಬಾಡಿಗೆ ಮನೆಗಾಗಿ ಅಲೆದ ಕಥೆ. ಕೊನೆಗೆ, ಅಲ್ಲಿನ ಸಂತೆಯಲ್ಲಿ ತಮಿಳು ಬಾರದ ನಾನು ಕೈಸನ್ನೆಯಲ್ಲೇ ಜಗಳವಾಡಿ ಬದನೆಕಾಯಿ ತಂದದ್ದೂ ಇತ್ತು.

"ಮನಿ ಸಿಕ್ಕಲ್ಲೇ ಮುಗೀತಲ್ರೀ ರಾಯರ. ಇದು ಬ್ಯಾಡ್ರಿ" ಎಂದು ವಿಮಲಾ ನನ್ನನ್ನೇ ಹೊಡೆದುಹಾಕಿದಳು.

ಅವಳು ಹೋದಮೇಲೆ ಕೇಳಿದೆ, "ನೀವು ಸುಮ್ಮನೆ ಕೂತಿದ್ರಲ್ಲ?"

"ಅವರು ಎಡಿಟರ್ ಕಣೇ. ಏನಿರಬೇಕು ಅನ್ನೋದು ಅವರದ್ದು. ಇರೋದು ಸರಿಯಾಗಿ ಬಂತಾ ಅನ್ನೋದಷ್ಟೇ ನಂದು."

ಪ್ರೂಫ್ ಬಂದಾಗ ಓದಲು ಮತ್ತೆ ನಾನೇ ಬೇಕಾಯಿತು. ಕೆಂಪು ಗೀಟು ಎಳೆದದ್ದನ್ನೂ ಬಿಡದೆ ಓದಿದೆ.

"ಅದು ಹೊಡೆದಿರೋದು ಕಣೇ."

"ಮೂಲದಲ್ಲಿದೆ. ಓದ್ತೀನಿ."

ಪೆನ್ಸಿಲ್ ಕೆಳಗಿಟ್ಟು ಕೇಳಿದರು, ಬದನೆಕಾಯಿಯವರೆಗೂ. ನಕ್ಕರು. ಅಚ್ಚಿನಲ್ಲಿ ಮಾತ್ರ ಬರಲಿಲ್ಲ.

ಗಟ್ಟಿಯಾಗಿ ಓದುವಾಗಲೇ ನನಗೂ ತಿಳಿದಿತ್ತು, ಬರಹ ಮನೆ ಸಿಕ್ಕಲ್ಲೇ ಮುಗಿದಿತ್ತು. ವಿಮಲಾಗೆ ಹೇಳಲಿಲ್ಲ. ಈಗ ಸಿಕ್ಕರೂ ಹೇಳುವುದಿಲ್ಲ.

ಇಷ್ಟು ಬರೆದು ಮೊಮ್ಮಗಳ ಕೈಗೆ ಕೊಟ್ಟೆ. ಓದಿ, ತಮಿಳು ಬೆರೆತ ತನ್ನ ಕನ್ನಡದಲ್ಲಿ, "ವಿಮಲಾ ಪ್ಯಾರಾ ವೇಂಡಾಂ ಅಜ್ಜಿ, ಒರೇ ಹೊಟ್ಟೆಕಿಚ್ಚು. ತೆಗೆದ್ಬಿಡ್ಲಾ?" ಅಂದಳು.

"ನೀನು ಪ್ರೂಫ್ ನೋಡು, ಸಾಕು. ಏನಿರಬೇಕು ಅನ್ನೋದು ನಂದು."