ನಾಥೂಲಾಕ್ಕೆ ಕಿವಿಗೊಟ್ಟ ಪೇಮಕ್ಕ

ಪೇಮಕ್ಕ ಸ್ವೆಟರಿನ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಗಿರಾಕಿಯ ಬಲಗೈಯನ್ನು ತನ್ನ ಶಾಲಿನೊಳಗೆ ಎಳೆದುಕೊಂಡು ಬೆರಳು ಹಿಡಿಯುತ್ತಿದ್ದಳು. ಇಡೀ ಬೆರಳು ಹಿಡಿದರೆ ನೂರು, ತುದಿ ಮಾತ್ರ ಹಿಡಿದರೆ ಐವತ್ತು. ಒಪ್ಪಿಗೆಯಾಗದಿದ್ದರೆ ಗಿರಾಕಿ ಅವಳ ಬೆರಳು ಹಿಡಿದು ತನ್ನ ಬೆಲೆ ಹೇಳಬೇಕು. ಸುತ್ತ ನಿಂತವರಿಗೆ ಶಾಲು ಅಲುಗುವುದಷ್ಟೇ ಕಾಣುತ್ತಿತ್ತು. ಟಿಬೆಟ್ಟಿನಲ್ಲಿ ಉಣ್ಣೆಯ ವ್ಯಾಪಾರಿಯಾಗಿದ್ದ ಅಪ್ಪನಿಂದ ಅವಳು ಕಲಿತ ಕ್ರಮ ಅದು.

ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಎದುರು ನಮ್ಮ ಅಪ್ಪನ ಎಸ್‌ಟಿಡಿ ಬೂತ್ ಇತ್ತು. ಅದರ ತಗಡಿನ ಮಾಡಿನ ಕೆಳಗೆ ಪೇಮಕ್ಕ ಚಳಿಗಾಲವಿಡೀ ಕೂರುತ್ತಿದ್ದಳು. ದೀಪಾವಳಿ ಮುಗಿದ ವಾರ ಮುಂಡಗೋಡಿನ ಟಿಬೆಟನ್ ಕ್ಯಾಂಪಿನಿಂದ ಗಂಟು ಹೊತ್ತು ಬಂದರೆ, ತಿರುಗಿ ಹೋಗುವುದು ಅವರ ಹೊಸ ವರ್ಷಕ್ಕೆ. ನಾನು ಡೈರಿ ಬರೆಯಲು ಶುರುಮಾಡಿದ್ದು ೧೯೯೬ರಲ್ಲಿ. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಅವಳು ಬಂದ ತಾರೀಖು ಅದರಲ್ಲಿದೆ. ಯಾವ ಬಣ್ಣದವು ಎಷ್ಟು ಹೋದವು ಎಂದೂ ಬರೆದಿಡುತ್ತಿದ್ದೆ. ಅದು ಅವಳೇ ಹಚ್ಚಿದ ಕೆಲಸ. ಮುಂದಿನ ವರ್ಷ ಏನು ತರಬೇಕೆಂದು ನನ್ನನ್ನು ಕೇಳಿಯೇ ಹೋಗುತ್ತಿದ್ದಳು.

ಅವಳ ಕನ್ನಡ ನಮ್ಮದಾಗಿರಲಿಲ್ಲ. ಕ್ಯಾಂಪಿಗಾಗಿ ಕಾಡು ಕಡಿಯುವಾಗ ಜೊತೆಗೆ ದುಡಿದ ಹಾವೇರಿ ಕಡೆಯ ಹೆಂಗಸರಿಂದ ಕಲಿತದ್ದು. "ಏನವಾ ತಂಗಿ, ಹೆಂಗದೀ?" ಎಂದು ಮಾತು ತೆಗೆಯುತ್ತಿದ್ದಳು, ನಿನ್ನೆ ತಾನೇ ನೋಡಿದ್ದರೂ.

ಶಾಲಿನ ವ್ಯವಹಾರಕ್ಕೆ ನಮ್ಮ ಕಡೆಯವರು ಹೆದರುತ್ತಿದ್ದರು. ಒಮ್ಮೆ ಪಕ್ಕದ ಹೋಟೆಲಿನ ಹೆಗಡೆಯವರು ಬಿಸಿ ಕಾವಲಿ ತಾಗಿದಂತೆ ಕೈ ಹಿಂದಕ್ಕೆಳೆದುಕೊಂಡರು. ಅವರ ಹೆಂಡತಿ ಒಳಗಿನಿಂದಲೇ, "ಹೆದರಡಿ, ಅದು ನಿಮ್ಮ ಕೈ ಕಿತ್ಕಂಡು ಹೋಗ್ತಿಲ್ಲೆ," ಎಂದರು. ಹೆಗಡೆಯವರು ಆಮೇಲೆ ಬಾಯಲ್ಲೇ ಚೌಕಾಸಿ ಮಾಡಿದರು. ಪೇಮಕ್ಕ ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ಆದರೆ ಕಿರವತ್ತಿಯಿಂದ ಬಂದ ರೈತನೊಬ್ಬ ಮಾತ್ರ, "ಇದು ನಮ್ಮ ದನದ ಸಂತಿ ಆಟ ಬಿಡು ಯಕ್ಕ," ಎಂದು ತನ್ನ ಟವೆಲ್ಲನ್ನೇ ಇಬ್ಬರ ಕೈ ಮೇಲೆ ಹಾಕಿದ. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತ ಬಹಳ ಹೊತ್ತು ಕೂತಿದ್ದರು. ಕೊನೆಗೆ ಅವನು ಎರಡು ಸ್ವೆಟರು ಕಂಕುಳಲ್ಲಿಟ್ಟುಕೊಂಡು ಹೋದ. ಎಷ್ಟಕ್ಕೆ ಎಂದು ನಾನು ಕೇಳಿದರೆ, "ಕೇಳಬಾರದವಾ. ಹೇಳಿದ್ರ ನಾಳಿ ಬಂದಾವ ಅಷ್ಟಕ್ಕ ಕೊಡು ಅಂತಾನ," ಎಂದಳು.

ವ್ಯಾಪಾರದ ನಡುವೆ ಅವಳ ಕೈ ನಿಂತುಬಿಡುವುದು ಒಂದೇ ಕಾರಣಕ್ಕೆ. ಬೂತಿನ ರೇಡಿಯೋದಲ್ಲಿ ಭಾರತ–ಚೀನಾ ಗಡಿ ಮಾತುಕತೆ ಎಂದು ಬಂದರೆ ಗಿರಾಕಿಯ ಬೆರಳನ್ನು ಹಾಗೇ ಹಿಡಿದುಕೊಂಡು ವಾರ್ತೆ ಮುಗಿಯುವವರೆಗೆ ಅಲುಗಾಡುತ್ತಿರಲಿಲ್ಲ.

ಅವಳ ಊರು ದ್ರೋಮೋ. ಸಿಕ್ಕಿಮಿನ ಮೇಲಿನ ನಾಥೂಲಾ ಕಣಿವೆ ದಾಟಿ ಇಳಿದರೆ ಮೊದಲು ಸಿಗುವ ಸೀಮೆ. ೧೯೫೯ರಲ್ಲಿ ಹದಿಮೂರರ ಪೇಮಾ, ಅಪ್ಪ ಮತ್ತು ಹೇಸರಗತ್ತೆಗಳ ಜೊತೆ ಈಚೆಗೆ ಬಂದಳು. ತಂಗಿ ಡೋಲ್ಮಾಳಿಗೆ ನಾಲ್ಕು ವರ್ಷ. ಜ್ವರ ಬಂದಿತ್ತು. ಜ್ವರ ಬಿಟ್ಟ ಮೇಲೆ ಬರುತ್ತೇವೆಂದು ತಾಯಿ ಮಗುವಿನೊಂದಿಗೆ ಉಳಿದಳು. ಬರಲಾಗಲಿಲ್ಲ. ಮುಂದೆ ಯುದ್ಧವಾಗಿ ಕಣಿವೆಯನ್ನೇ ಮುಚ್ಚಿದರು. ತಾಯಿ ತೀರಿಕೊಂಡ ಸುದ್ದಿ ಯಾವಾಗಲೋ ನೇಪಾಳದ ಮೂಲಕ ಬಂತು. ತಂಗಿ ಇದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ. ಗಡಿಯ ಜಗಳ ಮುಗಿದರೆ ಕಣಿವೆ ತೆರೆಯುತ್ತದೆ, ತೆರೆದರೆ ತಂಗಿಯನ್ನು ಹುಡುಕಬಹುದು. ಪೇಮಕ್ಕನಿಗೆ ಎರಡು ದೇಶಗಳ ರಾಜಕಾರಣವೆಂದರೆ ಇಷ್ಟೇ.

ಅಪ್ಪನಿಗೆ ಹಾಗಲ್ಲ. ಪೇಪರ್ ಮಡಚಿ ಕಂಬಕ್ಕೆ ಬಡಿಯುತ್ತ, "ಒಂದಿಂಚು ಜಾಗವನ್ನೂ ಬಿಡಬಾರದು ಪೇಮಕ್ಕ," ಎನ್ನುತ್ತಿದ್ದ.

"ಅಲ್ರೀ ಭಟ್ಟರ, ನೀವು ಹಿಂಗ ಕಟ್ಟಿ ಮ್ಯಾಲ ನಿಂತು ಒದರತೀರಿ, ಆ ಕಡಿ ನಿಮ್ಮಂಥವನೇ ಒಬ್ಬ ಭಟ್ಟ ಒದರತಿರ್ತಾನ. ನಡುವ ಕುಂತಾವ್ರು ಏನ್ ಮಾಡಬೇಕ್ರಿ? ಮಂದಿ ನೋಡಾಕತ್ತಿದ್ರ ಯಾವನೂ ಇಳಿಯೂದಿಲ್ಲ. ಶಾಲು ಹಾಕ್ಕೋಬೇಕು."

"ಚೀನಾದಲ್ಲೂ ಭಟ್ಟರು ಇದ್ವನೇ?" ಎಂದು ಆಯಿ, ಅಂದರೆ ನಮ್ಮಮ್ಮ, ಅಪ್ಪನಿಗೆ ಚಹಾ ಕೊಡುತ್ತ ಕೇಳಿದಳು. ಅಪ್ಪ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ.

ಸ್ವೆಟರಿನ ಗಂಟಿಲ್ಲದೆ ಅವಳು ಬಂದದ್ದು ೨೦೦೩ರ ಮಳೆಗಾಲದಲ್ಲಿ. ನಮ್ಮ ಪ್ರಧಾನಿ ಚೀನಾಕ್ಕೆ ಹೋಗಿ ಬಂದಿದ್ದರು. ನಾಥೂಲಾ ಎಂಬ ಹೆಸರು ರೇಡಿಯೋದಲ್ಲಿ ಬಂತೆಂದು ಕ್ಯಾಂಪಿನಲ್ಲಿ ಯಾರೋ ಹೇಳಿದ್ದರಂತೆ. ಕೊಡೆ ಮಡಚದೆ ಬಾಗಿಲಲ್ಲೇ ನಿಂತು, "ಪೇಪರಿನಾಗ ಏನೈತಿ ಓದವಾ," ಎಂದಳು. ಓದಿದೆ. ಕಣಿವೆಯ ಮೂಲಕ ವ್ಯಾಪಾರಕ್ಕೆ ಒಪ್ಪಿಗೆಯಾಗಿದೆ. ಗಡಿಯ ಬಗ್ಗೆ ಮಾತಾಡಲು ಎರಡೂ ದೇಶಗಳು ಒಬ್ಬೊಬ್ಬ ವಿಶೇಷ ಪ್ರತಿನಿಧಿಯನ್ನು ನೇಮಿಸಿವೆ.

"ಒಬ್ಬೊಬ್ಬರೇ ಏನು? ಹಂಗಾದ್ರ ಈಗ ಸರಿ ಆತು," ಎಂದಳು. ಪೇಪರಿನತ್ತ ಬಾಗಿ, "ಮಂದಿ ಹೋಗೂದರ ಬಗ್ಗೆ ಏನೈತಿ?"

"ಸರಕು ಅಂತಷ್ಟೇ ಇದೆ ಪೇಮಕ್ಕ."

"ಸರಕು ತಾನ ನಡಕೊಂಡು ಹೋಗತೈತೇನು? ಹೊರಾವ ಇರಬೇಕಲ್ಲ." ಅಷ್ಟು ಹೇಳಿ ಮುಂದಿನ ಬಸ್ಸಿಗೇ ಹೊರಟುಹೋದಳು.

ಕಣಿವೆ ತೆರೆದದ್ದು ೨೦೦೬ರ ಜುಲೈಯಲ್ಲಿ. ಆಗ ನಾನು ಶಿರಸಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಪೇಮಕ್ಕ ಸೊಂಟದ ನೋವಿಗೆ ಪಟ್ಟಿ ಬಿಗಿದುಕೊಂಡು ಗ್ಯಾಂಗ್ಟಾಕಿಗೆ ಹೋಗಿಬಂದಳೆಂದು ಅಪ್ಪ ತಿಳಿಸಿದ. ದೀಪಾವಳಿಯ ರಜೆಯಲ್ಲಿ ಊರಿಗೆ ಬಂದಾಗ ಅವಳ ಬಾಯಿಂದಲೇ ಕೇಳಿದೆ. ಮೇಲಿನ ಸಂತೆಗೆ ಹೋಗಲು ಸಿಕ್ಕಿಮಿನ ವ್ಯಾಪಾರಿಗಳಿಗೆ ಮಾತ್ರ ಪಾಸು. ನಿರಾಶ್ರಿತರ ಚೀಟಿ ಇದ್ದವಳನ್ನು ಚೆಕ್‌ಪೋಸ್ಟಿನಿಂದಲೇ ತಿರುಗಿಸಿದರು. ಆದರೆ ಆಚೆಯ ವ್ಯಾಪಾರಿಗಳು ಉಣ್ಣೆ ತಂದು ಆ ಸಂತೆಯಲ್ಲಿ ಕೂರುತ್ತಾರಲ್ಲ, ಅವರು ದ್ರೋಮೋದವರೇ. ಪಾಸು ಇದ್ದ ಪರಿಚಯದ ಸಿಕ್ಕಿಮಿನ ವ್ಯಾಪಾರಿಯೊಬ್ಬನ ಹತ್ತಿರ ತಂಗಿಯ ಹೆಸರು, ತಂದೆಯ ಹೆಸರು, ಮನೆಯ ಗುರುತು ಹೇಳಿ ಬಂದಿದ್ದಳು.

ಡಿಸೆಂಬರಿನ ಒಂದು ಶನಿವಾರ ಆ ವ್ಯಾಪಾರಿ ಕ್ಯಾಂಪಿಗೆ ಫೋನ್ ಮಾಡಿ ನಂಬರೊಂದನ್ನು ಹೇಳಿದ. ಪೇಮಕ್ಕ ಅದನ್ನು ಬಾಯಿಪಾಠ ಮಾಡಿಕೊಂಡು ಯಲ್ಲಾಪುರದ ಬಸ್ಸು ಹತ್ತಿದಳು. ವಾರದ ಕೊನೆಯೆಂದು ನಾನೂ ಶಿರಸಿಯಿಂದ ಊರಿಗೆ ಬಂದಿದ್ದೆ.

"ಮುಂಡಗೋಡಿನಲ್ಲೇ ಮಾಡಬಹುದಿತ್ತಲ್ಲ?" ಎಂದ ಅಪ್ಪ.

"ಅಲ್ಲಿ ಎಲ್ಲಾರಿಗೂ ನಮ್ಮ ಮಾತು ತಿಳಿತೈತ್ರಿ. ಇಲ್ಲಿ ನೀವು ಏನ್ ಕೇಳಿದ್ರೂ ತಿಳಿಯೂದಿಲ್ಲ."

ಅವಳು ಒಂದೊಂದೇ ಅಂಕಿ ಹೇಳಿದಳು, ಅಪ್ಪ ಒತ್ತಿದ. ರಿಸೀವರ್ ಕೊಟ್ಟು ನಾವು ಹೊರಗೆ ಬಂದೆವು. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಆ ಕಡೆಯಿಂದ ಯಾರೋ ಮಾತಾಡಿರಬೇಕು. ಪೇಮಕ್ಕ ಎರಡೂ ಕೈಯಲ್ಲಿ ರಿಸೀವರ್ ಹಿಡಿದು, ಗಟ್ಟಿಯಾಗಿ, "ಏನವಾ ತಂಗಿ, ಹೆಂಗದೀ?" ಎಂದಳು.

ಅಪ್ಪ ನನ್ನ ಮುಖ ನೋಡಿದ. ಹತ್ತು ವರ್ಷ ಆ ಜಾಗದಲ್ಲಿ ಕೂತು ಕನ್ನಡವನ್ನೇ ಆಡಿದವಳು ಅಲ್ಲಿ ಬೇರೆ ಮಾತನ್ನು ಹೇಗೆ ತೆಗೆದಾಳು? ಆ ಕಡೆ ಡೋಲ್ಮಾ ಏನು ತಿಳಿದಳೋ. ಪೇಮಕ್ಕ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಅವರ ಭಾಷೆಯಲ್ಲಿ ಏನೋ ಅಂದಳು, ನಕ್ಕಳು, ನಗುತ್ತಲೇ ಗಾಜಿಗೆ ಹಣೆ ಹಚ್ಚಿ ಅತ್ತಳು.

ಹೊರಗೆ ಬಂದ ಮೇಲೆ ಆಯಿ ಕೊಟ್ಟ ಚಹಾ ಹಿಡಿದು ಪೇಮಕ್ಕ ಹೇಳಿದಳು, "ನಾಕು ವರ್ಷದಾಕಿ ಅಜ್ಜಿ ಆಗ್ಯಾಳ. ಧ್ವನಿ ನಮ್ಮವ್ವಂದು. ಯಾವಾಗ ಬರ್ತಿ ಅಂದಳು. ದೊಡ್ಡವರು ಮಾತಾಡಾಕತ್ಯಾರ, ಮುಗಿಸಿದ ಕೂಡಲೇ ಬರ್ತೀನಿ ಅಂದೆ."

ಆ ಚಳಿಗಾಲವಿಡೀ ಶನಿವಾರಕ್ಕೊಮ್ಮೆ ಫೋನ್ ಮಾಡಿದಳು. ಮುಂದಿನ ವರ್ಷವೂ ಮಾಡಿದಳು. ೨೦೦೮ರ ಬೇಸಿಗೆಯ ಹೊತ್ತಿಗೆ ನಂಬರು ಹತ್ತುವುದು ನಿಂತುಹೋಯಿತು. ಅಪ್ಪನೂ ಬೂತ್ ಮುಚ್ಚಿ ಅಲ್ಲೇ ಝೆರಾಕ್ಸ್ ಅಂಗಡಿ ಇಟ್ಟ. ಮಾತುಕತೆ ಮಾತ್ರ ನಡೆದೇ ಇತ್ತು, ಒಮ್ಮೆ ಅವರ ರಾಜಧಾನಿಯಲ್ಲಿ, ಒಮ್ಮೆ ನಮ್ಮದರಲ್ಲಿ.

೨೦೧೦ರ ಬೇಸಿಗೆಯಲ್ಲಿ ಪೇಮಕ್ಕ ತೀರಿಕೊಂಡಳು. ನಾನು ಕೊನೆಯ ಸಲ ಕಂಡದ್ದು ಅದರ ಹಿಂದಿನ ನವೆಂಬರಿನಲ್ಲಿ, ಕ್ಯಾಂಪಿನ ಅವಳ ಮನೆಯಲ್ಲಿ. ಮಂಡಿ ಹಿಡಿದು ನಡೆಯಲಾಗದೆ ಆ ವರ್ಷ ವ್ಯಾಪಾರಕ್ಕೆ ಬಂದಿರಲಿಲ್ಲ. ನನ್ನ ಹೊಸ ಮೊಬೈಲನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಾಗ ಹೋಗತೈತೇನು?" ಎಂದಳು. ನಂಬರಿನ ಒಂದಂಕಿಯನ್ನೂ ಮರೆತಿರಲಿಲ್ಲ. ಒತ್ತಿ ಅವಳ ಕಿವಿಗೆ ಹಿಡಿದೆ. ಬಹಳ ಹೊತ್ತು ಕೇಳಿಸಿಕೊಂಡು, "ಯಾರೋ ಹೆಣ್ಮಗಳು. ಏನ್ ಅಂತಾಳ ನೋಡು," ಎಂದು ಕೊಟ್ಟಳು. ಮೊದಲು ಚೀನೀ ಭಾಷೆ, ಆಮೇಲೆ ಇಂಗ್ಲಿಷ್, ಧ್ವನಿಮುದ್ರಿತ ಮಾತು.

"ಈ ನಂಬರ್ ಈಗ ಇಲ್ಲ ಅಂತಾಳೆ ಪೇಮಕ್ಕ."

"ಅದು ನನಗ ಗೊತ್ತೈತವಾ," ಎಂದಳು. "ಖರೆ ಈಕಿ ಆ ಕಡಿಯಾಕಿ ಹೌದಲ್ಲೋ? ಇನ್ನೊಮ್ಮೆ ಹಚ್ಚು."

ಹಚ್ಚಿದೆ. ಪೇಮಕ್ಕ ಕಣ್ಣು ಮುಚ್ಚಿಕೊಂಡು, ಆ ಹೆಂಗಸು ಹೇಳಿ ಮುಗಿಸುವವರೆಗೂ ಕೇಳಿದಳು.