ನಡುವಿನ ಡಬ್ಬಿ ಆರಿದ ಹೊತ್ತು

ಸಂಗಮನಾಥನ ಪಾದಕ್ಕೆ ಶರಣು ಮಾಡಿಯೇ ಈ ಮಾತು ಹೇಳುತ್ತೇನೆ.

ಮನೆಗಳಿಗೆ ವೈಫೈ ಹಾಕುವುದು ನನ್ನ ಕಾಯಕ. ಇಳಕಲ್ಲಿನ ಒಂದು ಹಳೆಯ ಕಲ್ಲುಮನೆಗೆ ಮೂರು ಮೆಶ್ ಡಬ್ಬಿ ಹಾಕಿದ್ದೆ. ಪಡಸಾಲೆಯಲ್ಲೊಂದು, ನಡುವೆ ದೇವರ ಕೋಣೆಯಲ್ಲೊಂದು, ಹಿಂದಿನ ಕೋಣೆಯಲ್ಲೊಂದು. ವೈರಿಲ್ಲದೆ ಒಂದರಿಂದ ಇನ್ನೊಂದಕ್ಕೆ ಸಿಗ್ನಲ್ ದಾಟುತ್ತದೆ. ಹಿಂದಿನ ಕೋಣೆಯಲ್ಲಿ ಲಕ್ವಾ ಹೊಡೆದ ಅಜ್ಜ ಮಲಗಿದ್ದರು. ಅವರನ್ನು ಸೊಸೆ ಮೊಬೈಲಿನಲ್ಲೇ ನೋಡಿಕೊಳ್ಳಲೆಂದು ಕ್ಯಾಮೆರಾ ಇಟ್ಟಿದ್ದೆವು.

ಮರುದಿನ ಮುಂಜಾನೆ ಅವಳ ಫೋನು.

"ಅಣ್ಣಾರ, ಮೊಬೈಲಿನ್ಯಾಗ ಮಾವಾರು ಕಾಣವಲ್ರು! ಸೀರಿ ಕೊಟ್ಟು ಬರಾಕ ಹುನಗುಂದಕ್ಕ ಬಂದೇನ್ರಿ. ಅತ್ತಿಯಾರು ಫೋನ್ ಎತ್ತವಲ್ರು."

ಹಿಂದಿನ ದಿನವಷ್ಟೇ ಅವಳಿಗೆ "ಅಂಜಬ್ಯಾಡ್ರಿ" ಎಂದವನು ನಾನೇ. ಗಾಡಿ ಹತ್ತಿ ಅವರ ಮನೆಯತ್ತ ಓಡಿಸಿದೆ. ಹಾದಿಯುದ್ದಕ್ಕೂ ಶಿವನಾಮ ಬಿಟ್ಟರೆ ಬೇರೇನೂ ಬಾಯಿಗೆ ಬರಲಿಲ್ಲ.

ಅಜ್ಜ ಮಂಚದ ಅಂಚಿಗೆ ಜಾರಿ ಅರ್ಧ ಜೋತು ಬಿದ್ದಿದ್ದರು. ಉಸಿರಿತ್ತು. ಎತ್ತಿ ಮಲಗಿಸಿದೆ. ಪೂಜೆ ಮುಗಿಸಿದ ಅಜ್ಜಿ, ಆ ಸೊಸೆಯ ಅತ್ತೆ, ಆಗ ದೇವರ ಕೋಣೆಯಿಂದ ಹೊರಬಂದರು.

"ಲಿಂಗಪೂಜಿಗೆ ಕುಂತ್ರ ನಿನ್ನ ಡಬ್ಬಿ ಮಿಣಮಿಣ ಅಂತಿತ್ತು ತಮ್ಮಾ. ಧ್ಯಾನ ನಿಲ್ಲವಲ್ದು. ಅದೊಂದನ್ನ ಆರಿಸೇನಿ."

"ಯವ್ವಾ, ನಡುವಿಂದು ಆರಿಸಿದ್ರ ಹಿಂದಿಂದೂ ಆರತೈತ್ರಿ!"

ಅಜ್ಜಿ ಗಂಡನನ್ನು ನೋಡಿದರು. ವಿಭೂತಿಯ ಬೆರಳಿನಿಂದ ಅವರ ಹಣೆ ಸವರಿದರು. "ದೇವರ ಮುಂದ ಅದನ್ನ ತಂದಿಟ್ಟಾಂವ ಯಾರು?" ಎಂದರು ಮೆಲ್ಲಗೆ.

ಅಂದೇ ದೇವರ ಕೋಣೆಯ ಡಬ್ಬಿ ತೆಗೆದು, ಪಡಸಾಲೆಯಿಂದ ಹಿಂದಿನ ಕೋಣೆಯವರೆಗೆ ಕೇಬಲ್ ಎಳೆದು, ಅಲ್ಲಿಗೇ ತನ್ನದೇ ಸಿಗ್ನಲ್ ಕೊಡುವ ಪ್ರತ್ಯೇಕ ಆಕ್ಸೆಸ್ ಪಾಯಿಂಟ್ ಕೂಡಿಸಿದೆ. ಈಗ ವೈಫೈ ಮೇಲೆ ಫೋನಿನಲ್ಲಿ ಮಾತಾಡುತ್ತ ಒಳಗೆ ನಡೆದರೆ, ಒಂದು ಸಿಗ್ನಲ್ ಬಿಟ್ಟು ಇನ್ನೊಂದು ಹಿಡಿಯುವಾಗ ಮಾತು ಒಮ್ಮೆ ಕಡಿಯುತ್ತದೆ. ಕಡಿಯಲಿ, ಅಜ್ಜ ಎಲ್ಲಿಗೂ ನಡೆಯುವವರಲ್ಲ.

ಇಷ್ಟು ಕೇಳಿದ ನಿಮ್ಮೆಲ್ಲರ ಮನೆಯ ಹಿಂದಿನ ಕೋಣೆಯನ್ನೂ ಆ ಶಿವನೇ ಕಣ್ಣಿಟ್ಟು ಕಾಯಲಿ.